ಮೊಮ್ಮಗನ ಮಂಜಿಯ ಎಣ್ಣೆಗುಂಡಿ

ಮಂಜಿ ಪಾಸಾಯಿತು! ನನ್ನ ಮೊಮ್ಮಗ ಕಟ್ಟಿದ ಮಂಜಿ, ಎಂಜಿನು ಕೂರಿಸಿದ ಮರದ ಹಡಗು, ನಿನ್ನೆ ಮಧ್ಯಾಹ್ನಕ್ಕೆ ಮೊದಲೇ ಪಾಸಾಯಿತು. ಬಂದರಿನ ಅಧಿಕಾರಿಗಳು ಕಾಗದಕ್ಕೆ ರುಜು ಹಾಕುವುದನ್ನು ನಾನು ಒಂದು ಮಾರು ದೂರದಲ್ಲಿ ನಿಂತು ನೋಡಿದೆ. ಪೆನ್ನು ಬರೆಯಲಿಲ್ಲ, ಎರಡು ಸಲ ಕೊಡವಿದರು, ಶಾಯಿಯ ಒಂದು ಹನಿ ನನ್ನ ಸೀರೆಗೆ ಹಾರಿತು. ಬೇರೆ ದಿನವಾಗಿದ್ದರೆ ಗೊಣಗುತ್ತಿದ್ದೆ. ನಿನ್ನೆ ಆ ಕಲೆಯನ್ನು ದಾರಿಯಲ್ಲಿ ಸಿಕ್ಕಿದವರಿಗೆಲ್ಲ ತೋರಿಸಿಕೊಂಡು ಮನೆಗೆ ಬಂದೆ. ನಾನು ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟವಳು, ಅಕ್ಷರ ಹಿಂದೆ ಮುಂದಾದರೆ ಓದುವವರು ಸುಧಾರಿಸಿಕೊಳ್ಳಬೇಕು. ಇಷ್ಟು ಸಂತೋಷವನ್ನು ಬಾಯಲ್ಲಿ ಹೇಳಿ ಮುಗಿಸಲಿಕ್ಕೆ ಆಗಲಿಲ್ಲ, ಅದಕ್ಕೇ ಬರೆಯಲು ಕೂತದ್ದು. ಆದರೆ ಸಂತೋಷವೊಂದನ್ನೇ ಬರೆದರೆ ಅದು ಅರ್ಥವಾಗುವುದಿಲ್ಲ. ಕಳೆದ ಎರಡು ತಿಂಗಳು ನಾವೆಲ್ಲ ಒಬ್ಬರ ಮುಖವನ್ನು ಇನ್ನೊಬ್ಬರು ಸಂಶಯದಿಂದಲೇ ನೋಡಿದವರು. ಅದನ್ನೂ ಬರೆಯಬೇಕು.

ಪಾಣೆಮಂಗಳೂರಿನ ಹೊಳೆಬದಿಯಲ್ಲಿ, ಮೆಲ್ಕಾರಿನಿಂದ ಇಳಿದು ಬಂದರೆ ಸಿಗುವ, ದೋಣಿ ದಾಟಿಸುವ ಕಡವಿನ ಪಕ್ಕ ನಮ್ಮ ಚಪ್ಪರ ಉಂಟು. ಹೆಂಚು, ಅಕ್ಕಿ ಸಾಗಿಸುವ ಮರದ ಹಡಗುಗಳನ್ನು, ಅಂದರೆ ಮಂಜಿಗಳನ್ನು, ಮೊದಲು ನನ್ನ ಯಜಮಾನರು ಅಲ್ಲಿ ಕಟ್ಟುತ್ತಿದ್ದರು, ಆಮೇಲೆ ಮಗ. ಮಗನ ಬಲಗೈ ಮರದ ದಿಮ್ಮಿಯಡಿಗೆ ಸಿಕ್ಕಿದ ಮೇಲೆ ಮೊಮ್ಮಗನೇ ಮೇಸ್ತ್ರಿಯಾದ. ಅವನಿಗಿನ್ನೂ ಇಪ್ಪತ್ತಾರು. ಇದು ಅವನ ಮೊದಲ ಮಂಜಿ. ಉಳಿದ ಸಾಹುಕಾರರೆಲ್ಲ ಲಾರಿಯ ಹಿಂದೆ ಹೋಗಿ ಆಗಿತ್ತು. ಹೆಂಚಿನ ವ್ಯಾಪಾರದ ಬ್ಯಾರಿ ಸಾಹುಕಾರರೊಬ್ಬರು ಮಾತ್ರ ಹೊಳೆಯನ್ನು ನಂಬಿಕೊಂಡಿದ್ದರು. ಅವರು ಕೈಬಿಟ್ಟರೆ ಚಪ್ಪರಕ್ಕೆ ಬೇರೆ ಕೆಲಸವಿಲ್ಲ, ಮೊಮ್ಮಗನ ಮೇಸ್ತ್ರಿತನ ಒಂದೇ ಮಂಜಿಗೆ ಮುಗಿಯಿತು. ಇದು ನಮಗೆಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಸಾಹುಕಾರರಿಗೆ ಈ ಸಲ ಹಾಯಿ ಸಾಲಲಿಲ್ಲ, ಎಂಜಿನು ಬೇಕು ಎಂದರು. ಎಂಜಿನು ಎಂದ ಕೂಡಲೇ ಮಂಗಳೂರಿನ ಬಂದರಿನಿಂದ ಒಂದು ಕಾಗದ ಬಂತು, ಇಂಗ್ಲಿಷಿನಲ್ಲಿ. ಬಂಟ್ವಾಳದ ಶಾಲೆಯ ಮಾಸ್ತರರ ಹತ್ತಿರ ಓದಿಸಿ, ಮೊಮ್ಮಗ ಅದರ ಬೆನ್ನಿಗೆ ಕನ್ನಡದಲ್ಲಿ ಬರೆದು ಚಪ್ಪರದ ಕಂಬಕ್ಕೆ ಸಿಕ್ಕಿಸಿದ. ಎಂಜಿನಿನಿಂದ ತೊಟ್ಟಿಕ್ಕುವ ಎಣ್ಣೆ ಮಂಜಿಯ ತಳದ ನೀರಿಗೆ ಸೇರಬಾರದು. ತಳದ ನೀರನ್ನು ಪಂಪು ಮಾಡಿ ಹೊರಗೆ ಬಿಡುವಾಗ ಅದರಲ್ಲಿ ಎಣ್ಣೆಯ ಗುರುತು ಕಾಣಬಾರದು. ಎಣ್ಣೆಯನ್ನು ಬೇರೆಯೇ ಹಿಡಿದು, ಡ್ರಮ್ಮಿಗೆ ತುಂಬಿ, ದಡಕ್ಕೆ ತಂದು ಒಪ್ಪಿಸಬೇಕು.

"ಹಾಯಿ ಇರುವಾಗ ಯಾರೂ ಕೇಳ್ಲಿಲ್ಲ," ಎಂದರು ಸಾಹುಕಾರರು. "ಎಂಜಿನ್ ಇಟ್ಟ ಕೂಡ್ಲೆ ನೀರು ಹಾಳಾಗ್ತದಂತೆ. ಇದ್ರಲ್ಲಿ ದೊಡ್ಡ ಸ್ಟೀಮರಿನವರ ಕೈ ಉಂಟು, ನೋಡ್ತಾ ಇರಿ."

"ಕೈ ಇಲ್ಲದೆ ಹೀಗೆಲ್ಲ ಆಗ್ತದಾ?" ಎಂದೆ ನಾನು.

ಮೊಮ್ಮಗ ನಗಲಿಲ್ಲ. "ಕೈ ಯಾರದ್ದೇ ಇರ್ಲಿ ಅಜ್ಜಿ. ಎಣ್ಣೆ ತಾಗಿದ ಬಲೆಯ ಮೀನನ್ನು ಬಂದರಲ್ಲಿ ಯಾರೂ ಮುಟ್ಟುದಿಲ್ಲ, ನಾನೇ ನೋಡಿದ್ದೇನೆ. ಅವರು ಹೇಳುದು ಸರಿಯೇ ಉಂಟು."

ನಮ್ಮ ಮಂಜಿಗಳಲ್ಲಿ ನೀರಿಗೆ ತಡೆ ಎಂಬುದೇ ಇಲ್ಲ. ಹಡಗಿನ ಪಕ್ಕೆಲುಬಿನ ಹಾಗಿರುವ ಮರಗಳಿಗೆ ವಂಕು ಎನ್ನುತ್ತಾರೆ. ಪ್ರತಿ ವಂಕಿನ ಬುಡದಲ್ಲೂ ಒಂದು ಸಣ್ಣ ಕಂಡಿ ಕೊರೆಯುತ್ತೇವೆ. ಎಲ್ಲಿ ಸೋರಿದರೂ ನೀರು ಓಡಿ ಹಿಂದೆ ಪಂಪಿನ ಹತ್ತಿರ ಬಂದು ನಿಲ್ಲಲಿ ಅಂತ. ಈಗ ಎಂಜಿನಿನ ಅಡಿಯಲ್ಲಿ ಮಾತ್ರ ನಾಲ್ಕು ಕಡೆ ಗೋಡೆ ಕಟ್ಟಿ ಒಂದು ಗುಂಡಿ ಮಾಡಬೇಕು. ಮಾಡಿದರೆ ಮುಂದಿನ ನೀರು ಹಿಂದಕ್ಕೆ ಬರುವುದು ಹೇಗೆ?

ಮೊಮ್ಮಗ ಚಪ್ಪರದ ನೆಲವನ್ನು ಸಗಣಿ ಸಾರಿಸಿ ಒಣಗಿಸಿ, ಇದ್ದಿಲಿನಲ್ಲಿ ಮಂಜಿಯ ಹೊಟ್ಟೆಯನ್ನು ಇದ್ದಷ್ಟೇ ದೊಡ್ಡದಾಗಿ ಬರೆದ. ಮೂರು ದಿನ ಬರೆಯುವುದು, ಕಾಲಿನಲ್ಲಿ ಉಜ್ಜುವುದು, ಮತ್ತೆ ಬರೆಯುವುದು. ಗುಂಡಿ ದೊಡ್ಡದಾದರೆ ಹೆಂಚು ಇಡುವ ಜಾಗ ಹೋಗುತ್ತದೆಂದು ಸಾಹುಕಾರರು ಮುಖ ಗಂಟು ಹಾಕಿದರು. ಚಿಕ್ಕದಾದರೆ ಮಂಜಿ ವಾಲಿದಾಗ ಎಣ್ಣೆ ತುಳುಕಿ ಹೊರಗೆ ಹೋಗುತ್ತದೆಂದು ಮೊಮ್ಮಗ. ನಾಲ್ಕನೆಯ ದಿನ ಗುಂಡಿಯ ನಡುವಿನಿಂದ ಒಂದು ಉದ್ದ ಗೆರೆ ಎಳೆದ.

"ಇದೆಂತದು?" ಎಂದೆ ನಾನು.

"ಪೈಪು. ಮುಂದಿನ ನೀರು ಗುಂಡಿಯ ಒಳಗಿಂದಲೇ ಹೋಗ್ತದೆ, ಆದ್ರೆ ಪೈಪಿನ ಒಳಗೆ. ಎಣ್ಣೆಯನ್ನು ಮುಟ್ಟುದೇ ಇಲ್ಲ."

ಮಗ ತನ್ನ ಎಡಗೈಯ ಬೆರಳಿನಿಂದ ಆ ಗೆರೆಯ ಮೇಲೆ ಒಮ್ಮೆ ಎಳೆದು ನೋಡಿದ. ಅವನು ಏನೂ ಹೇಳದಿದ್ದರೆ ಕೆಲಸ ಸರಿಯಿದೆ ಎಂದು ಲೆಕ್ಕ.

ಕೆಲಸ ಮುಗಿಯುತ್ತಾ ಬಂದಾಗ ಎಂಜಿನಿನ ಜೊತೆ ಒಬ್ಬ ಮೆಕ್ಯಾನಿಕ್ ಬಂದ. ಮಂಗಳೂರಿನವನು. ಅವನನ್ನು ಕಂಡ ದಿನವೇ ನನಗೆ ಸರಿ ಕಾಣಲಿಲ್ಲ. ಬೀಗ ಹಾಕಿದ ಒಂದು ಕಬ್ಬಿಣದ ಪೆಟ್ಟಿಗೆ, ಅದನ್ನು ಊಟಕ್ಕೆ ಕೂತಾಗಲೂ ಮೊಣಕಾಲಿಗೆ ತಾಗಿಸಿಕೊಂಡೇ ಇಡುತ್ತಿದ್ದ. ಮಾತಾಡುವಾಗ ನಮ್ಮ ಮುಖ ನೋಡುತ್ತಿರಲಿಲ್ಲ, ಮರವನ್ನು ನೋಡುತ್ತಿದ್ದ.

"ಇಷ್ಟು ಹಲಗೆಯ ಸಂದು, ಎಣ್ಣೆ ನಿಲ್ತದಾ ಇದ್ರಲ್ಲಿ?" ಎಂದು ಮೊಮ್ಮಗನನ್ನು ಕೇಳಿದ.

"ನಿಮ್ಮ ಎಂಜಿನು ಸೋರದಿದ್ರೆ ನಿಲ್ತದೆ," ಎಂದ ಮೊಮ್ಮಗ.

ಶುರುವಿನಲ್ಲೇ ಹೀಗೆ.

ಇನ್ನು ನನ್ನ ಕೆಲಸದ ಬಗ್ಗೆ ಹೇಳಬೇಕು. ಮರಕ್ಕೆ ಎಣ್ಣೆ ಕುಡಿಸುವುದು ನಮ್ಮಲ್ಲಿ ಹೆಂಗಸರ ಕೆಲಸ. ಬೂತಾಯಿ ಮೀನಿನ ಎಣ್ಣೆಗೆ ರಾಳ ಹಾಕಿ ಕಾಯಿಸಿ, ತೆಂಗಿನ ನಾರಿನ ಕುಂಚದಿಂದ ಹಲಗೆ ಹಲಗೆಗೂ ಹಚ್ಚಬೇಕು. ಬೆಳಕು ಹರಿಯುವಾಗ, ಮರದ ಕೆಲಸದ ಆಚಾರಿಗಳು ಬರುವ ಮೊದಲು, ನಾನೊಬ್ಬಳೇ ಹಚ್ಚಿ ಮುಗಿಸುತ್ತೇನೆ. ನಲವತ್ತು ವರ್ಷದಲ್ಲಿ ಎಣ್ಣೆ ಕುಡಿಯದ ಒಂದು ಹಲಗೆಯೂ ನಮ್ಮ ಚಪ್ಪರದಿಂದ ನೀರಿಗೆ ಇಳಿದಿಲ್ಲ. ಈ ಮಂಜಿಗೂ ಹಾಗೆಯೇ ಹಚ್ಚಿದೆ. ಎಣ್ಣೆಗುಂಡಿಯ ಗೋಡೆಗಳ ಸಂದಿಗೆ ಮಾತ್ರ ಹತ್ತಿ ತುರುಕಿ, ಮೇಲಿಂದ ಡಾಂಬರು ಎರೆಯಬೇಕೆಂದು ಮೊಮ್ಮಗ ಆಚಾರಿಗಳಿಗೆ ಹೇಳಿದ್ದ. ಡಾಂಬರು ನಮಗೆ ಹೊಸತು. ಎರೆದ ಮೇಲೆ ಗುಂಡಿ ಕಪ್ಪಗೆ, ಕನ್ನಡಿಯ ಹಾಗೆ ಹೊಳೆಯಿತು.

ಮಳೆ ಇಳಿದ ಮೇಲೆ, ಹೊಳೆಯಲ್ಲಿ ನೀರು ಇನ್ನೂ ತುಂಬಿರುವಾಗ, ಮಂಜಿಯನ್ನು ಇಳಿಸಿದೆವು. ದೀಪಾವಳಿ ಕಳೆದರೆ ನೀರು ಇಳಿಯುತ್ತದೆ, ಇಷ್ಟು ದೊಡ್ಡ ಮಂಜಿ ಮರಳಿನಲ್ಲಿ ಕೂತರೆ ಮುಂದಿನ ಮಳೆಗಾಲದವರೆಗೆ ಅಲ್ಲಾಡುವುದಿಲ್ಲ. ಅಷ್ಟರೊಳಗೆ ಪರೀಕ್ಷೆ ಮುಗಿದು ಅದು ಮಂಗಳೂರು ಮುಟ್ಟಬೇಕು.

ಬಂದರಿನ ಅಧಿಕಾರಿಗಳು ಬಂದರು. ತೆಳ್ಳಗಿನ ಮನುಷ್ಯ, ಬಂದ ಕೂಡಲೇ ಚಪ್ಪಲಿ ಕಳಚಿ ಗುಂಡಿಗೆ ಇಳಿದು ನೋಡಿದರು. ಎಂಜಿನು ಒಂದು ಗಂಟೆ ಓಡಿತು. ಆಮೇಲೆ ಹಿಂದಿನ ಪಂಪಿನಿಂದ ತಳದ ನೀರನ್ನು ಹೊಳೆಗೆ ಬಿಡಲು ಹೇಳಿದರು. ಮೊದಲು ಮಣ್ಣು ಬಣ್ಣದ ನೀರು ಬಂತು. ಆಮೇಲೆ ನೀರಿನ ಮೇಲೆ ನೀಲಿ, ನೇರಳೆ, ಹಳದಿ ಬಣ್ಣದ ಒಂದು ಪೊರೆ ಮೆಲ್ಲಗೆ ಅಗಲವಾಗುತ್ತಾ ಹೋಯಿತು. ನೋಡಲು ಚಂದವೇ ಇತ್ತು, ಆದರೆ ಅದು ಎಣ್ಣೆ.

"ಇದು ಆಗುವುದಿಲ್ಲ," ಎಂದರು ಅಧಿಕಾರಿಗಳು. ಬೈಯಲಿಲ್ಲ. "ದೀಪಾವಳಿಯ ಮೊದಲು ಇನ್ನೊಂದು ಸಲ ಬರ್ತೇನೆ. ಎಲ್ಲಿಂದ ಹೋಗ್ತದೆ ಅಂತ ಹುಡುಕಿ."

ಅವರ ಜೀಪು ತಿರುಗುವ ಮೊದಲೇ ಜಗಳ ಶುರುವಾಯಿತು. ಮೆಕ್ಯಾನಿಕ್ ಪೈಪಿನ ಕಡೆ ಬೆರಳು ತೋರಿಸಿದ. ಮೊಮ್ಮಗ ಪೈಪಿನ ಒಂದು ಬಾಯಿ ಮುಚ್ಚಿ, ಇನ್ನೊಂದರಿಂದ ನೀರು ತುಂಬಿ, ಅದರ ಮೈಗೆಲ್ಲ ಬೂದಿ ಸವರಿ ಅರ್ಧ ದಿನ ಕಾದ. ಬೂದಿ ಒಂದು ಕಡೆಯೂ ಒದ್ದೆಯಾಗಲಿಲ್ಲ.

"ಪೈಪಲ್ಲ. ಹಾಗಾದ್ರೆ ನೀವು ಎಣ್ಣೆಯನ್ನು ಗುಂಡಿಯ ಹೊರಗೆ ಚೆಲ್ಲಿದ್ದೀರಿ," ಎಂದ ಮೊಮ್ಮಗ.

"ನಾನಾ? ನಿಮ್ಮ ಮರ ಸೋರಿದ್ದಕ್ಕೆ ನಾನು ಚೆಲ್ಲಿದ್ದಾ? ಒಳ್ಳೇ ಕತೆ ಮಾರಾಯ್ರೆ!"

ಸಾಹುಕಾರರು ನಡುವೆ ಬಂದರು. "ಇಬ್ಬರೂ ಕೇಳಿ. ಇನ್ನೊಂದು ಸಲ ಹೀಗಾದ್ರೆ ಮಂಜಿಯನ್ನು ಕೆಳಗೆ ಕೊಂಡ್ಹೋಗಿ ಬೇರೆಯವರತ್ರ ಸರಿ ಮಾಡಿಸ್ತೇನೆ. ಮತ್ತೆ ಈ ಕಡವಿನಲ್ಲಿ ನನ್ನ ಕೆಲಸ ಇಲ್ಲ."

ಮೊಮ್ಮಗನ ಮುಖ ಬೆಳ್ಳಗಾಯಿತು. ಅದನ್ನು ನೋಡಿದ ಮೇಲೆ ನಾನು ತೀರ್ಮಾನಿಸಿಬಿಟ್ಟೆ: ಇದು ಮೆಕ್ಯಾನಿಕ್ಕಿನದೇ ಕೆಲಸ. ಬೇರೆ ಯಾವುದೋ ಚಪ್ಪರದವರು ಅವನನ್ನು ಕಳಿಸಿದ್ದಾರೆ. ಅಂದಿನಿಂದ ನಾನು ಅವನ ಹಿಂದೆ ಬಿದ್ದೆ. ಅಡಿಕೆ ಸುಲಿಯುವ ನೆಪದಲ್ಲಿ ಹೊಳೆಬದಿಯಲ್ಲಿ ಕೂತು ಅವನು ಎಲ್ಲಿ ಹೋಗುತ್ತಾನೆ, ಪೆಟ್ಟಿಗೆಯಿಂದ ಏನು ತೆಗೆಯುತ್ತಾನೆ ಎಂದು ನೋಡುತ್ತಿದ್ದೆ. ಒಂದು ಬೆಳಗ್ಗೆ ಅವನು ತಗಡಿನ ಡಬ್ಬ ಹಿಡಿದು ಗುಂಡಿಗೆ ಬಗ್ಗಿದ್ದ. ನಾನು ಹಲಗೆ ಹತ್ತಿ ಮೇಲೆ ಹೋಗಿ ಅವನ ಬೆನ್ನ ಹಿಂದೆಯೇ ನಿಂತೆ.

"ಸಿಕ್ಕಿಬಿದ್ದೆ ಅಲ್ವಾ? ಎಂತ ಸುರೀತಿದ್ದಿ?"

ಅವನು ಹೌಹಾರಿದ. "ಸುರೀಲಿಕ್ಕಲ್ಲಮ್ಮ, ಅಳೀಲಿಕ್ಕೆ! ನಿನ್ನೆ ಮೂರು ಡಬ್ಬ ಇತ್ತು. ಇವತ್ತು ಎರಡೂವರೆ ಉಂಟು. ರಾತ್ರಿ ನಿಮ್ಮವರು ಯಾರೋ ತೆಗೀತಿದ್ದಾರೆ ಅಂತ ನನಗೆ ಸಂಶಯ."

"ನಮ್ಮವರಾ!"

"ಮತ್ತೆ ಯಾರು? ನೀವು ಅಡಿಕೆ ಸುಲೀತಾ ನನ್ನನ್ನು ನೋಡುದು ನನಗೆ ಗೊತ್ತುಂಟು. ನಾನೂ ನಿಮ್ಮನ್ನು ನೋಡ್ತಾ ಇದ್ದೇನೆ. ಒಂದು ವಾರದಿಂದ ಅದೇ ಹತ್ತು ಅಡಿಕೆ, ಸುಲಿದು ಮುಗೀಲಿಲ್ಲ ನಿಮ್ಮದು."

ಕೆಳಗಿಳಿದು ಬಂದೆ.

ಮೊಮ್ಮಗ ಸಂದುಗಳಿಗೆ ಮತ್ತೆ ಹತ್ತಿ ತುಂಬಿಸಿ, ಇದ್ದ ಡಾಂಬರಿನ ಮೇಲೆ ಇನ್ನೊಂದು ಪದರ ಎರೆಸಿದ. ತಣಿದ ಮೇಲೆ ಗುಂಡಿಗೆ ನೀರು, ಅದರ ಮೇಲೆ ಎಣ್ಣೆ ಹೊಯ್ದು, ಮಟ್ಟ ಎಲ್ಲಿದೆಯೋ ಅಲ್ಲಿ ಸೀಮೆಸುಣ್ಣದ ಗೆರೆ ಎಳೆದ. ಎಂಜಿನು ಓಡಿಸಲಿಲ್ಲ. ಮೆಕ್ಯಾನಿಕ್ಕನ್ನು ದಡದಲ್ಲಿ ನಮ್ಮ ಕಣ್ಣೆದುರು ಕೂರಿಸಿದೆವು. ಮಧ್ಯಾಹ್ನಕ್ಕೆ ನೋಡಿದರೆ ಮಟ್ಟ ಗೆರೆಯಿಂದ ಒಂದು ಬೆರಳು ಕೆಳಗೆ. ಪಂಪು ಒತ್ತಿದರೆ ಹೊಳೆಯ ಮೇಲೆ ಮತ್ತೆ ಅದೇ ಬಣ್ಣ.

ಸಾಹುಕಾರರಿಗೆ ಆ ಗೆರೆ, ಈ ಬೆರಳು ಯಾವುದೂ ಬೇಡವಾಗಿತ್ತು. ಎಂಜಿನಿನವನಿಗೂ ಆಚಾರಿಗಳಿಗೂ ಆಗಿಬರುವುದಿಲ್ಲ, ಒಬ್ಬನಾದರೂ ಹೋಗಬೇಕು ಎಂದು ಅವರಿಗೆ ಹೊಳೆದಿತ್ತು. "ನೀನು ಪೆಟ್ಟಿಗೆ ಕಟ್ಟು ಮಾರಾಯ," ಎಂದರು ಮೆಕ್ಯಾನಿಕ್ಕಿಗೆ. "ಸಂಜೆ ಬಸ್ಸಿಗೆ ಹೋಗು. ನಿನ್ನ ಕಂಪೆನಿಗೆ ನಾನು ಬರೀತೇನೆ." ಅವನು ಪೆಟ್ಟಿಗೆ ಹಿಡಿದು, ತನ್ನ ಸಾಮಾನು ತುಂಬಿಸಿಕೊಳ್ಳಲು ಮಂಜಿಯ ಮೇಲೆ ಹೋದ.

ನಾನು ಗೆದ್ದೆ ಎಂದುಕೊಂಡೆ. ಗೆದ್ದವಳಿಗೆ ಒಂದು ಸಲ ಗುಂಡಿಯನ್ನು ನೋಡಬೇಕೆನಿಸಿತು. ಎಣ್ಣೆ, ನೀರು ತೆಗೆದು ಖಾಲಿ ಮಾಡಿದ್ದರು. ಇಳಿದು ಗೋಡೆಗೆ ಕೈಯಿಟ್ಟೆ. ಡಾಂಬರಿನ ಒಂದು ಅಂಚು ಉಗುರಿಗೆ ಸಿಕ್ಕಿತು. ಎಳೆದೆ. ಹಪ್ಪಳದಷ್ಟು ಅಗಲದ ತುಂಡು ಸದ್ದಿಲ್ಲದೆ ಕೈಗೆ ಬಂತು. ಇನ್ನೊಂದು ಕಡೆ ಎಳೆದೆ, ಅಲ್ಲೂ ಬಂತು. ಮರಕ್ಕೂ ಡಾಂಬರಿಗೂ ಸಂಬಂಧವೇ ಇರಲಿಲ್ಲ. ಹಿಂದೆ ಹಲಗೆ ನುಣ್ಣಗೆ ಮಿನುಗುತ್ತಿತ್ತು. ತುಂಡಿನ ಬೆನ್ನನ್ನು ಮೂಸಿದೆ.

ಬೂತಾಯಿ ಎಣ್ಣೆ. ನಾನು ಕಾಯಿಸಿದ್ದು, ನಾನು ಹಚ್ಚಿದ್ದು.

ಗುಂಡಿಯ ಹಲಗೆಗೆ ಡಾಂಬರು ಮಾತ್ರ ಎಂದು ಮೊಮ್ಮಗ ಆಚಾರಿಗಳಿಗೆ ಹೇಳಿದ್ದ, ನನಗೆ ಹೇಳಿರಲಿಲ್ಲ. ಅಡುಗೆಗೆ ಉಪ್ಪು ಹಾಕು ಎಂದು ಯಾರಾದರೂ ನನಗೆ ಹೇಳುತ್ತಾರೆಯೇ? ಹಾಕಬೇಡ ಎಂದೂ ಹೇಳುವುದಿಲ್ಲ. ಬೆಳಕು ಹರಿಯುವಾಗ ಕುಂಚ ಹಿಡಿದು ಇಳಿದವಳು ಆ ಗೋಡೆಗಳನ್ನು ಹೇಗೆ ಬಿಟ್ಟುಬಿಡಲಿ? ಮರ ಎಣ್ಣೆ ಕುಡಿದು ಕೂತಿತ್ತು, ಅದರ ಮೇಲೆ ಎಷ್ಟು ಪದರ ಎರೆದರೂ ಡಾಂಬರು ಕಚ್ಚಲಿಲ್ಲ. ಎಂಜಿನಿನ ಎಣ್ಣೆ ಅದರ ಹಿಂದಿನಿಂದ ಸಂದು ಹುಡುಕಿಕೊಂಡು ಹೋಗುತ್ತಿತ್ತು.

ಮೇಲೆ ಮೆಕ್ಯಾನಿಕ್ ಪೆಟ್ಟಿಗೆಗೆ ಬೀಗ ಹಾಕುವ ಸದ್ದು ಕೇಳಿಸಿತು. ನಾನು ಸುಮ್ಮನಿರಬಹುದಿತ್ತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ, ಸುಮ್ಮನಿರುವ ಎಂದು ಒಂದು ಗಳಿಗೆ ಯೋಚಿಸಿದೆ. ಅವನು ಹೋದರೆ ತಪ್ಪು ಅವನ ಜೊತೆಗೇ ಹೋಗುತ್ತದೆ. ಆದರೆ ಮಂಜಿ ಸೋರುತ್ತಲೇ ಇರುತ್ತದೆ, ಅಧಿಕಾರಿಗಳು ಬಂದಾಗ ಆ ತಪ್ಪು ಮೊಮ್ಮಗನ ತಲೆಗೇ ಬರುತ್ತದೆ. ಮತ್ತೆ ಆ ಮನುಷ್ಯ, ಡಬ್ಬ ಹಿಡಿದು ಅಳೆದವನು, ನಮ್ಮೆಲ್ಲರಿಗಿಂತ ಮೊದಲೇ ನಿಜದ ಹತ್ತಿರ ಹೋಗಿದ್ದ.

ಡಾಂಬರಿನ ತುಂಡನ್ನು ಹಿಡಿದುಕೊಂಡು ಮೇಲೆ ಬಂದೆ. ದಡಕ್ಕಿಳಿದಾಗ ಪೆಟ್ಟಿಗೆ ಹಿಡಿದ ಮೆಕ್ಯಾನಿಕ್ ಸಹಿತ ಎಲ್ಲರೂ ಅಲ್ಲಿದ್ದರು.

"ಅವ ಹೋಗುದು ಬೇಡ ಸಾವ್ಕಾರ್ರೆ. ಹಾಳು ಮಾಡಿದ್ದು ನಾನು."

ಸಾಹುಕಾರರಿಗೆ ಅರ್ಥವಾಗಲಿಲ್ಲ. ಮೆಕ್ಯಾನಿಕ್ ತುಂಡನ್ನು ತೆಗೆದುಕೊಂಡು, ಮೂಸಿ, ಬೆರಳಿನಿಂದ ಉಜ್ಜಿ ನೋಡಿದ. "ಮೀನೆಣ್ಣೆ! ಎಣ್ಣೆ ಕುಡಿದ ಮರಕ್ಕೆ ಡಾಂಬರು ಹಿಡಿಯುದುಂಟಾ?" ಎಂದ. ನನ್ನನ್ನು ನೋಡಿದ. ಮೊದಲ ಸಲ ಮುಖ ನೋಡಿ ಮಾತಾಡಿದ್ದು. "ಅಮ್ಮ, ನೀವು ಒಂದು ವಾರ ನನ್ನ ಹಿಂದೆ ಬಿದ್ದಿದ್ದು ಇದಕ್ಕಾ?"

"ಹೌದು. ತಪ್ಪಾಯ್ತು."

ಮೊಮ್ಮಗ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಅಜ್ಜಿಗೆ ಹೇಳದೆ ಇದ್ದದ್ದು ನನ್ನ ತಪ್ಪು," ಎಂದ. ಉಳಿ ತೆಗೆದುಕೊಂಡು ಗುಂಡಿಗೆ ಇಳಿದ.

ಹಲಗೆಯನ್ನು ಒಂದು ಕಡೆ ಕೆತ್ತಿ ನೋಡಿದ, ಎಣ್ಣೆ ಒಳಗಿನವರೆಗೂ ಹೋಗಿತ್ತು. ಗೋಡೆಗಳನ್ನೆಲ್ಲ ಕಿತ್ತು ಹೊಸತು ಹಾಕಬೇಕು. ಒಣಗಿದ ಹೆಬ್ಬಲಸಿನ ಹಲಗೆ ಬೇಕು, ಎಣ್ಣೆ ಮುಟ್ಟದ್ದು ಬೇಕು, ದೀಪಾವಳಿಗೆ ಉಳಿದ ಎಂಟು ದಿನದೊಳಗೆ ಎಲ್ಲ ಮುಗಿಯಬೇಕು. ಸಾಹುಕಾರರು ಗಡ್ಡ ಕೆರೆದುಕೊಂಡು, "ಎಂಟು ದಿನ ಕೊಟ್ಟೆ," ಎಂದರು.

ಮರುದಿನ ಮೊಮ್ಮಗನೂ ನಾನೂ ಬೆಳ್ತಂಗಡಿಗೆ ಹೋದೆವು. ನನ್ನನ್ನು ಬಿಟ್ಟು ಹೋಗುತ್ತೇನೆಂದ, ನಾನು ಬಿಡಲಿಲ್ಲ. ಮರದ ಮಿಲ್ಲಿನವರು ಚಂದದ ಹಲಗೆ ತೋರಿಸಿದರು, ಜೇನಿನ ಬಣ್ಣದ್ದು.

"ಎಣ್ಣೆ ಹಚ್ಚಿದ್ದೀರಾ?"

"ಇಲ್ಲಮ್ಮ, ಮರದ ಬಣ್ಣವೇ ಹಾಗೆ."

ನನಗೆ ನಂಬಿಕೆ ಬರಲಿಲ್ಲ. ಆ ದಿನಗಳಲ್ಲಿ ನನಗೆ ನನ್ನ ಕೈಯ ಮೇಲೇ ನಂಬಿಕೆ ಇರಲಿಲ್ಲ. ಕುಡಿಯಲು ತಂದ ಚೊಂಬಿನಿಂದ ಒಂದು ಹನಿ ನೀರನ್ನು ಹಲಗೆಯ ಮೇಲೆ ಬಿಟ್ಟೆ. ಹನಿ ಕೆಸುವಿನ ಎಲೆಯ ಮೇಲಿನ ಹಾಗೆ ಗುಂಡಗೆ ನಿಂತಿತು, ಓರೆ ಮಾಡಿದರೆ ಉರುಳಿ ಹೋಯಿತು. ಎಣ್ಣೆ ಕುಡಿಯದ ಮರವಾದರೆ ಹನಿಯನ್ನು ಹೀರುತ್ತದೆ. ಮಿಲ್ಲಿನವನು ನಕ್ಕು, "ಗಿರಾಕಿಗೆ ಚಂದ ಕಾಣ್ಲಿ ಅಂತ ಸ್ವಲ್ಪ ಒರೆಸಿದ್ದು," ಎಂದ. ಬೆಳ್ತಂಗಡಿಯಲ್ಲಿ ಇನ್ನೊಂದು ಕಡೆ, ವಾಮದಪದವಿನಲ್ಲಿ ಬಸ್ಸಿಳಿದು ಒಂದು ಕಡೆ, ಎಲ್ಲ ಕಡೆಯೂ ಹನಿ ಉರುಳಿತು. ನಮ್ಮ ಸೀಮೆಯಲ್ಲಿ ಮರ ಕಂಡರೆ ಎಣ್ಣೆ ಹಚ್ಚದೆ ಬಿಡುವವರು ಯಾರೂ ಇಲ್ಲವೆಂದು ಅವತ್ತು ಗೊತ್ತಾಯಿತು.

ಮೂರನೆಯ ದಿನ ಮೂಡುಬಿದಿರೆಗೆ ಹೋದೆವು. ಅಲ್ಲೊಂದು ಬಸದಿಯ ಹೆಂಚಿನ ಮಾಡಿನ ರಿಪೇರಿಗೆ ತಂದು ಹೆಚ್ಚಾದ ಹಲಗೆಗಳನ್ನು ಗುತ್ತಿಗೆಯವರು ಅಟ್ಟದ ಮೇಲೆ ಇಟ್ಟಿದ್ದರು. ನಾಲ್ಕು ವರ್ಷದ ಧೂಳು. ಸೀರೆಯ ಸೆರಗಿನಲ್ಲಿ ಒರೆಸಿ ಹನಿ ಬಿಟ್ಟೆ. ಹನಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮೆಲ್ಲಗೆ ಚಪ್ಪಟೆಯಾಗಿ, ಮರದೊಳಗೆ ಹೋಗಿ, ಒಂದು ಕಪ್ಪು ಚುಕ್ಕೆಯಾಯಿತು.

"ಕುಡೀತು!" ಎಂದು ಕೂಗಿದೆ. ಗುತ್ತಿಗೆಯವರು ಗಾಬರಿಯಾಗಿ ಏಣಿ ಹಿಡಿದುಕೊಂಡರು. ನಾನು ಬಿಡಲಿಲ್ಲ, ಹದಿನಾಲ್ಕು ಹಲಗೆಗೂ ಎರಡೂ ಮೈಗೆ ಹನಿ ಬಿಟ್ಟು ನೋಡಿಯೇ ಲಾರಿಗೆ ಹತ್ತಿಸಲು ಹೇಳಿದ್ದು.

ಹೊಸ ಗೋಡೆ ಕಟ್ಟುವಾಗ ಮೆಕ್ಯಾನಿಕ್ ಗುಂಡಿಯ ಬಾಯಲ್ಲಿ ಕಾವಲು ಕೂತ. ಆಚಾರಿಗಳು ಇಳಿಯುವ ಮೊದಲು ಅವರ ಕೈಯನ್ನು ಸೀಗೆಪುಡಿಯಲ್ಲಿ ತೊಳೆಸುತ್ತಿದ್ದ. ನಾನು ಹತ್ತಿರ ಬಂದರೆ ಪೆಟ್ಟಿಗೆಯನ್ನು ಅಡ್ಡ ಇಟ್ಟು, "ಅಮ್ಮ, ನೀವು ಅಡಿಕೆ ಸುಲೀರಿ," ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕೆ, ಆದರೆ ಆ ಬತ್ತಲೆ ಹಲಗೆಗಳನ್ನು ನೋಡುವಾಗ ಕೈ ತುರಿಸುತ್ತಿತ್ತು, ಅದು ನಿಜ. ಈ ಸಲ ಬಿಸಿ ಡಾಂಬರು ಮರವನ್ನು ಕಚ್ಚಿತು. ತಣಿದ ಮೇಲೆ ಮಗ ತನ್ನ ಎಡಗೈಯ ಉಗುರಿನಿಂದ ಎಬ್ಬಿಸಲು ನೋಡಿದ. ಉಗುರು ಮುರಿಯಿತು. ಗುಂಡಿಗೆ ಹೊಯ್ದ ಎಣ್ಣೆಯ ಮಟ್ಟ ಎರಡು ದಿನ ಗೆರೆಯಿಂದ ಇಳಿಯಲಿಲ್ಲ.

ನಿನ್ನೆ ಅಧಿಕಾರಿಗಳು ಬಂದರು. ಎಂಜಿನು ಒಂದು ಗಂಟೆ ಓಡಿತು. ಪಂಪು ಒತ್ತಿದರು. ನೀರು ಬಂತು, ಮಣ್ಣು ಬಂತು, ಒಂದು ಮರದ ಸಿಪ್ಪೆ ಬಂತು. ಬಣ್ಣ ಬರಲಿಲ್ಲ. ಅವರಿಗೂ ಸಂಶಯ, ಬಿಳಿ ಬಟ್ಟೆಯ ತುಂಡನ್ನು ದಾರಕ್ಕೆ ಕಟ್ಟಿ ನೀರಿನ ಮೇಲೆ ಮೂರು ಸುತ್ತು ಎಳೆದು, ಹಿಂಡಿ, ಬೆಳಕಿಗೆ ಹಿಡಿದು ನೋಡಿದರು. ಬಿಳಿಯೇ ಇತ್ತು. ರುಜು ಹಾಕಿದ ಮೇಲೆ ಅವರು ಮಾಡಿದ್ದನ್ನು ನಾನು ಸಾಯುವವರೆಗೂ ಹೇಳುತ್ತೇನೆ. ಚಪ್ಪರಕ್ಕೆ ಬಂದು, ನೆಲದ ಮೇಲಿನ ಇದ್ದಿಲಿನ ಗೆರೆಗಳ ಎದುರು ಕುಕ್ಕರುಗಾಲಿನಲ್ಲಿ ಕೂತು, ಆ ಪೈಪು, ಆ ಗುಂಡಿ, ಎಲ್ಲವನ್ನೂ ಒಂದು ಕಾಗದಕ್ಕೆ ಇಳಿಸಿಕೊಂಡರು.

"ಬೇರೆ ಮಂಜಿಯವರು ಕೇಳಿದ್ರೆ ಇದನ್ನೇ ತೋರಿಸ್ತೇನೆ. ಅಡ್ಡಿಯಿಲ್ಲವಾ ಮೇಸ್ತ್ರಿ?" ಎಂದರು.

ಮೇಸ್ತ್ರಿ! ನನ್ನ ಮೊಮ್ಮಗನನ್ನು! ಸಾಹುಕಾರರು ಅಲ್ಲೇ ಇದ್ದರು. "ಇನ್ನೊಂದು ಮಂಜಿಗೆ ಮರ ನೋಡಿಡು," ಎಂದು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು ಹೋದರು.

ಸಂಜೆ ದೀಪ ಹಚ್ಚಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮಗ, ಮೊಮ್ಮಗ, ನಾನು, ಬಂಟ್ವಾಳ ಪೇಟೆಯಿಂದ ಬಂದ ಮಗಳು, ಅವಳ ಗಂಡ, ಅವರ ಮಕ್ಕಳು. ಮೆಕ್ಯಾನಿಕ್ಕನ್ನೂ ಬಿಡಲಿಲ್ಲ. ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಗಸಿ, ಬಸಳೆ ಪಲ್ಯ. ಅವನು ಗಸಿಯ ಪಾತ್ರೆಯನ್ನು ಮೂಸಿ, "ಅಮ್ಮ, ಇದಕ್ಕೆ ಎಣ್ಣೆ ಹಾಕಿದ್ದು ನೀವಲ್ಲ ತಾನೇ?" ಎಂದ. ಮಕ್ಕಳು ನಕ್ಕು ನಕ್ಕು ಉರುಳಿದರು.

ಬಡಿಸುತ್ತಿದ್ದ ಸೊಸೆ, ಮೊಮ್ಮಗನ ತಾಯಿ, ಎಂದಿನಂತೆ ಮೊದಲ ಸೌಟನ್ನು ಗಂಡನ ಬಟ್ಟಲಿಗೆ ತಂದಳು. ಮಗ ಎಡಗೈಯನ್ನು ಬಟ್ಟಲ ಮೇಲೆ ಅಡ್ಡ ಇಟ್ಟ.

"ಮೇಸ್ತ್ರಿಗೆ ಬಡಿಸು ಮೊದಲು," ಎಂದ.

ಸೊಸೆ ಸೌಟನ್ನು ಹಿಂದಕ್ಕೆ ತೆಗೆದಳು. ಆಮೇಲೆ ಮೊಮ್ಮಗನ ಬಟ್ಟಲಿಗೆ ಬಡಿಸಿದಳು. ಅವನು ತಲೆ ಎತ್ತದೆ ಮೊದಲ ತುತ್ತು ತಿಂದ. ಅವನ ಹಿಂದೆ ನಾವೆಲ್ಲರೂ ತಿಂದೆವು.